ಅಳಿವೆಯ ಊರಿನ ಹನ್ನೊಂದು ಪ್ರಬಂಧಗಳು

ಶಿಷ್ಯ ಕೇಳಿದ: "ಗುರುಗಳೇ, ಸುಸ್ಥಿರ ಅಭಿವೃದ್ಧಿಯ ಬಗ್ಗೆ ಸಾವಿರಾರು ಜನ ಸಂಶೋಧನೆ ಮಾಡಿದ್ದಾರೆ. ಅದರಲ್ಲಿ ಯಾವ ವಿಷಯ ಬೆಳೆಯುತ್ತಿದೆ, ಯಾವುದು ಮುಗಿದಿದೆ ಎಂದು ತಿಳಿಯುವುದು ಹೇಗೆ? ಮುಗಿದುಹೋದ ವಿಷಯದ ಹಿಂದೆ ಬಿದ್ದು ಆಯುಷ್ಯ ಕಳೆಯಲು ನನಗೆ ಮನಸ್ಸಿಲ್ಲ."

ಗುರುಗಳು ಈ ಕತೆ ಹೇಳಿದರು.

ಒಬ್ಬ ವಿದ್ವಾಂಸನಿದ್ದ. ನೆಲ, ನೀರು, ಕಾಡು ನಮ್ಮ ನಂತರದವರಿಗೂ ಉಳಿಯುವಂತೆ ಬದುಕುವುದು ಹೇಗೆ ಎಂಬುದರ ಬಗ್ಗೆ ನಲವತ್ತು ವರ್ಷಗಳಲ್ಲಿ ಬಂದ ಪ್ರಬಂಧಗಳನ್ನು ಅವನು ಕಲೆಹಾಕಿದ. ಯಾರು, ಯಾವ ಊರಿನ ಬಗ್ಗೆ, ಯಾವ ವರ್ಷ ಬರೆದರು ಎಂದು ಗುರುತಿಸಿ ಗೋಡೆಯಗಲದ ಒಂದು ನಕ್ಷೆ ಮಾಡಿದ. ಬರಹ ಹೆಚ್ಚುತ್ತಿದ್ದ ಕಡೆ ಹಸಿರು ಹಚ್ಚಿದ, ನಿಂತುಹೋದ ಕಡೆ ಬೂದು ಹಚ್ಚಿದ. ನೋಡಿದವರೆಲ್ಲ ಮೆಚ್ಚಿದರು.

ಆ ನಕ್ಷೆಯಲ್ಲಿ, ನದಿ ಸಮುದ್ರ ಸೇರುವ ಅಳಿವೆಯ ದಡದ ಒಂದು ಊರಿತ್ತು. ಅಲ್ಲಿನ ಹೆಂಗಸರು ನೀರು ಇಳಿದಾಗ ಕೆಸರಿಗೆ ಹೋಗಿ ಬಳಚು ಎಂಬ ಚಿಪ್ಪುಮೀನನ್ನು ಆರಿಸಿ ಜೀವನ ಮಾಡುತ್ತಿದ್ದರು. ಸಣ್ಣವನ್ನು ಮುಟ್ಟುತ್ತಿರಲಿಲ್ಲ. ಈ ಪದ್ಧತಿಯ ಬಗ್ಗೆ ಆರು ವರ್ಷಗಳಲ್ಲಿ ಹನ್ನೊಂದು ಪ್ರಬಂಧಗಳು ಬಂದಿದ್ದವು. ಎಲ್ಲವನ್ನೂ ಬರೆದವಳು ವಿಶಾಲಾಕ್ಷಿ ಎಂಬ ಸಂಶೋಧಕಿ. ಆಮೇಲೆ ಒಂದೂ ಇಲ್ಲ. ವಿದ್ವಾಂಸ ಆ ಊರಿಗೆ ಬೂದು ಹಚ್ಚಿ, ಪಕ್ಕದಲ್ಲಿ ‘ಆಸಕ್ತಿ ಮುಗಿದಿದೆ’ ಎಂದು ಬರೆದ.

ಒಮ್ಮೆ ಬೇರೆ ಕೆಲಸಕ್ಕೆ ಆ ಕಡೆ ಹೋದವನು ಆ ಊರನ್ನೂ ನೋಡಿಬರೋಣ ಎಂದು ಇಳಿದ. ನೀರು ಇಳಿದಿತ್ತು. ಕೆಸರಿನಲ್ಲಿ ಒಬ್ಬರೂ ಇರಲಿಲ್ಲ. ದಡದಲ್ಲಿ ಬೀರಕ್ಕ ಎಂಬ ವಯಸ್ಸಾದ ಹೆಂಗಸು ಕೂತಿದ್ದಳು.

"ಈಗ ಬಳಚು ಆರಿಸುವುದಿಲ್ಲವೇ?" ಎಂದು ಅವನು ಕೇಳಿದ.

"ಇದ್ದರಲ್ಲವೇ ಆರಿಸುವುದು? ಅಳಿವೆಯ ಬಾಯಿಗೆ ಒಡ್ಡು ಕಟ್ಟಿ ಬಾಗಿಲು ಹಾಕಿದರು. ಸಮುದ್ರದ ನೀರು ಒಳಗೆ ಬರುವುದು ನಿಂತಿತು. ನೀರು ಸಪ್ಪೆಯಾಯಿತು, ಬಳಚು ಬಾಯಿ ಬಿಟ್ಟು ಸತ್ತವು. ದಿನಕ್ಕೆ ಎರಡು ಹೊತ್ತು ಬಾಗಿಲು ತೆಗೆಯಿರಿ ಎಂದು ಬೇಡಿಕೊಂಡೆವು. ಮೊದಲು ನೀರಿನಲ್ಲಿ ಎಷ್ಟು ಉಪ್ಪಿತ್ತು, ದಾಖಲೆ ತೋರಿಸಿ ಎನ್ನುತ್ತಾರೆ ಕಚೇರಿಯವರು. ನಮಗೆ ಗೊತ್ತಿರುವುದು ನಾಲಿಗೆಗೆ. ನಾಲಿಗೆ ಕಿತ್ತು ಕೊಡಲಾಗುತ್ತದೆಯೇ?"

ವಿದ್ವಾಂಸ ಹೊರಟಾಗ ಬೀರಕ್ಕ ಎದ್ದು ಹಿಂದೆಯೇ ಬಂದಳು.

"ನೀವು ಓದಿದವರು. ನಮ್ಮ ವಿಶಾಲು ಗೊತ್ತೇ ನಿಮಗೆ? ತಿಂಗಳಿಗೊಮ್ಮೆ ಬಂದು ನನ್ನ ಮನೆಯಲ್ಲೇ ಉಳಿಯುತ್ತಿದ್ದಳು. ಒಂಬತ್ತು ವರ್ಷದ ಹಿಂದೆ, ಬಸಿರು ಏಳು ತಿಂಗಳಾದಾಗ, ಮತ್ತೆ ಬರುತ್ತೇನೆ ಎಂದು ಹೇಳಿ ಹೆರಿಗೆಗೆ ಹೋದವಳು ಬರಲೇ ಇಲ್ಲ. ಗಂಡೋ ಹೆಣ್ಣೋ? ಬಾಣಂತಿ ಚೆನ್ನಾಗಿದ್ದಾಳೆಯೇ?"

ವಿಶಾಲಾಕ್ಷಿಯ ಬರಹವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆಂದು ವಿದ್ವಾಂಸನಿಗೆ ಬಾಯಿಪಾಠವಿತ್ತು. ಅವಳು ಬದುಕಿದ್ದಾಳೆಯೇ ಎಂಬುದು ಗೊತ್ತಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ವಿಚಾರಿಸಿ ಅವಳನ್ನು ಹುಡುಕಿಕೊಂಡು ಹೋದ.

ಅವಳು ದೂರದ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಮಗು ಹುಟ್ಟುವಾಗಲೇ ಕಾಯಿಲೆ ಬಿದ್ದಿತ್ತು. ನಾಲ್ಕು ವರ್ಷ ಆಸ್ಪತ್ರೆಯೇ ಮನೆಯಾಗಿತ್ತು. ಮಗು ಉಳಿಯಿತು, ಸಂಶೋಧನೆ ಉಳಿಯಲಿಲ್ಲ. "ಆ ಹೆಂಗಸರ ಬಗ್ಗೆ ಬರೆದು ಹೆಸರು ಮಾಡಿಕೊಂಡೆ. ಒಂದು ಕಾಗದವನ್ನೂ ಹಾಕಲಿಲ್ಲ. ಒಡ್ಡು ಕಟ್ಟಿದ ಸುದ್ದಿ ಕೇಳಿದ ಮೇಲೆ ಹೋಗಲು ಇನ್ನಷ್ಟು ಹೆದರಿಕೆಯಾಯಿತು. ಏನು ಕೇಳುತ್ತಾರೋ ಎಂದು," ಎಂದಳು ವಿಶಾಲಾಕ್ಷಿ.

"ಬೀರಕ್ಕ ಎರಡೇ ಮಾತು ಕೇಳಿದರು," ಎಂದ ವಿದ್ವಾಂಸ. "ಗಂಡೋ ಹೆಣ್ಣೋ ಎಂದು. ಬಾಣಂತಿ ಚೆನ್ನಾಗಿದ್ದಾಳೆಯೇ ಎಂದು."

ವಿಶಾಲಾಕ್ಷಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕಚೇರಿಯವರು ಉಪ್ಪಿನ ದಾಖಲೆ ಕೇಳುತ್ತಿದ್ದಾರೆಂದು ವಿದ್ವಾಂಸ ಹೇಳಿದಾಗ ಎದ್ದು, ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ಹಳೆಯ ನೋಟ್‌ಬುಕ್ಕುಗಳನ್ನು ತೆಗೆದಳು. ಆರು ವರ್ಷ, ಪ್ರತಿ ತಿಂಗಳು, ನೀರು ಏರಿದಾಗ ಎಷ್ಟು ಉಪ್ಪು, ಇಳಿದಾಗ ಎಷ್ಟು ಎಂದು ಅಳೆದು ಬರೆದಿಟ್ಟಿದ್ದಳು. ಪ್ರಬಂಧಗಳಿಗೆ ಅದರಲ್ಲಿ ಕಾಲುಭಾಗವೂ ಬೇಕಾಗಿರಲಿಲ್ಲ.

ಆ ಭಾನುವಾರವೇ ಅವಳು ಮಗಳೊಂದಿಗೆ ಊರಿಗೆ ಹೋದಳು. ಬೀರಕ್ಕ ನೋಟ್‌ಬುಕ್ಕುಗಳ ಕಡೆ ನೋಡಲಿಲ್ಲ. ಒಂಬತ್ತು ವರ್ಷದ ಹುಡುಗಿಯ ಕೆನ್ನೆ ಸವರಿ, "ಹೆಣ್ಣು" ಎಂದು ನಕ್ಕಳು. "ಎಷ್ಟು ಬಡಕಲಾಗಿದೆ ನೋಡು" ಎಂದು ಒಳಗೆ ಕರೆದುಕೊಂಡು ಹೋಗಿ ಗಂಜಿ ಬಡಿಸಿದಳು. ವಿಶಾಲಾಕ್ಷಿಯನ್ನು ಯಾಕೆ ಬರಲಿಲ್ಲವೆಂದು ಯಾರೂ ಕೇಳಲಿಲ್ಲ.

ಆಮೇಲೆ ನೋಟ್‌ಬುಕ್ಕುಗಳು ಕಚೇರಿಗೆ ಹೋದವು. ಹೆಂಗಸರೂ ಹೋದರು. ಐದಾರು ಸಲ ಅಲೆದ ಮೇಲೆ, ನೀರು ಏರುವ ಹೊತ್ತಿಗೆ ಒಡ್ಡಿನ ಬಾಗಿಲು ತೆಗೆಯುವುದೆಂದು ತೀರ್ಮಾನವಾಯಿತು. ಎರಡನೆಯ ವರ್ಷ ಕೆಸರಿನಲ್ಲಿ ಉಗುರಿನಷ್ಟು ಸಣ್ಣ ಬಳಚು ಕಂಡವು. ಹೆಂಗಸರು ನೋಡಿ, ಮುಟ್ಟದೆ ಮೇಲೆ ಬಂದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ನಾನು ಎಲ್ಲಿಂದ ಶುರುಮಾಡಲಿ?"

"ಮತ್ತೆ ಬರುತ್ತೇನೆ ಎಂದು ನೀನು ಯಾವ ಊರಿನಲ್ಲಿ ಹೇಳಿ ಬಂದಿದ್ದೀಯೆ?"

ಶಿಷ್ಯ ಚೀಲದಿಂದ ತನ್ನ ಹಳೆಯ ನೋಟ್‌ಬುಕ್ಕು ತೆಗೆದು ಒಂದು ಊರಿನ ಹೆಸರು ಹುಡುಕತೊಡಗಿದ.