ಮೂರು ಚಾಪೆಯ ವೈದ್ಯ

ಎಲ್ಲರೂ ಬಂದಿರಾ? ಬಾಗಿಲ ಹತ್ತಿರ ಕೂತವರು ಸ್ವಲ್ಪ ಒಳಗೆ ಸರಿಯಿರಿ. ಬಾಯಲ್ಲಿ ಬೆಲ್ಲ ಇಟ್ಟುಕೊಂಡವರು ಬೇಗ ನುಂಗಿ ಮುಗಿಸಿ, ಯಾಕೆಂದರೆ ಇವತ್ತಿನ ಕಥೆ ಹಲ್ಲಿನದು. ಹಲ್ಲುನೋವು ಬಂದು, ಕೈಗೆಟಕುವ ವೈದ್ಯ ಸಿಗದೆ ಕೆನ್ನೆ ಹಿಡಿದುಕೊಂಡು ಅಲೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲೆಯದವರು ಪುಣ್ಯವಂತರು. ಅವರೂ ಕೇಳಲಿ.

ಹೊಳೆಯ ದಂಡೆಯ ಮೇಲೆ ಒಂದು ರಾಜ್ಯ. ಆ ರಾಜ್ಯದಲ್ಲಿ ದುಂಡವ್ವ ಅಂತ ಒಬ್ಬ ಹೆಂಗಸಿದ್ದಳು. ಅವಳಿಗೆ ಇದ್ದದ್ದು ಒಂದು ತುಂಡು ಜೋಳದ ಹೊಲ, ಒಂದು ಸಣ್ಣ ಮನೆ, ಹೊಳೆಯಾಚೆಯ ಊರಿಗೆ ಕೊಟ್ಟ ಒಬ್ಬ ತಂಗಿ. ತಂಗಿಯ ಹೆಸರು ಕಾಶವ್ವ. ತಾಯಿ ತಂದೆ ಹೋದ ಮೇಲೆ ಕಾಶವ್ವನಿಗೆ ತವರು ಅಂದರೆ ಈ ಅಕ್ಕನೇ. ಅತ್ತೆಮನೆಯವರು ಅವಳನ್ನು ವರ್ಷಕ್ಕೆ ಒಂದೇ ಸಲ ಕಳಿಸುತ್ತಿದ್ದರು, ಸೀತನಿಯ ಕಾಲಕ್ಕೆ.

ಸೀತನಿ ಗೊತ್ತಲ್ಲ? ಜೋಳದ ತೆನೆಯಲ್ಲಿ ಹಾಲುಗಾಳು ತುಂಬಿ, ಇನ್ನೂ ಗಟ್ಟಿಯಾಗುವ ಮುಂಚೆ ಕಿತ್ತು, ಹೊಲದಲ್ಲೇ ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಉದುರಿಸಿದ ಹಸಿರು ಕಾಳು. ಬಿಸಿ ಇರಬೇಕು, ಜೊತೆಗೆ ಶೇಂಗಾ ಚಟ್ನಿ ಇರಬೇಕು, ತಿಕ್ಕಿ ಕೊಡುವವರು ನಮ್ಮವರಿರಬೇಕು. ಆದರೆ ಈ ಸುಖ ಕೆಲವೇ ದಿನದ್ದು. ಆಮೇಲೆ ಕಾಳು ಬಲಿತು ರೊಟ್ಟಿಯ ಜೋಳವಾಗಿಬಿಡುತ್ತದೆ.

ಅಕ್ಕ ತಿಕ್ಕುವಳು, ತಂಗಿ ತಿನ್ನುವಳು. ತಂಗಿ ತಿಕ್ಕುವಳು, ಅಕ್ಕ ತಿನ್ನುವಳು. ತಿನ್ನುತ್ತ ತಿನ್ನುತ್ತ ವರ್ಷದ ಮಾತೆಲ್ಲ ಆಡಿ ಹಗುರಾಗುವರು. ಹೋದ ವರ್ಷ ಮಾತ್ರ ದುಂಡವ್ವನ ದವಡೆ ಹಲ್ಲು ಕೈಕೊಟ್ಟಿತು. ಒಂದು ಕಾಳು ಅಗಿದರೆ ಕಣ್ಣಲ್ಲಿ ನೀರು. ಅಕ್ಕ ತಿನ್ನಲಿಲ್ಲ ಅಂತ ತಂಗಿಯೂ ತಿನ್ನಲಿಲ್ಲ. ಸುಟ್ಟ ತೆನೆ ಹಾಗೇ ಆರಿ ತಣ್ಣಗಾದವು, ಕಾಶವ್ವ ಹೊಳೆ ದಾಟಿ ಹೋದಳು. ಅಂದಿನಿಂದ ದುಂಡವ್ವನಿಗೆ ಹಲ್ಲಿನ ನೋವು ಒಂದು ಕಡೆ, ತಂಗಿ ತಿನ್ನದೆ ಹೋದ ನೋವು ಇನ್ನೊಂದು ಕಡೆ. ಮತ್ತೆ ತೆನೆಯಲ್ಲಿ ಹಾಲು ತುಂಬುವುದರೊಳಗೆ ಹಲ್ಲು ಕೀಳಿಸಬೇಕು, ತಂಗಿಯ ಎದುರು ಕೂತು ಹೊಟ್ಟೆತುಂಬ ಸೀತನಿ ತಿನ್ನಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಹಲ್ಲು ಕೀಳಿಸುವುದು ಅಷ್ಟು ದೊಡ್ಡ ಮಾತೇ ಅಂತ ಕೇಳುತ್ತೀರಿ. ಹಿಂದೆ ದೊಡ್ಡ ಮಾತಾಗಿರಲಿಲ್ಲ. ಊರಿನ ಕಂಬಾರ ಮೌನೇಶಪ್ಪ ಕುಲುಮೆಯ ಪಕ್ಕದ ಬೇವಿನ ಮರದ ಕೆಳಗೆ ಕೂರಿಸಿ, ಸಣ್ಣ ಇಕ್ಕಳ ಹಾಕಿ ಕಿತ್ತು ಕಳಿಸುತ್ತಿದ್ದ. ಇದ್ದವರು ಒಂದು ತೆಂಗಿನಕಾಯಿ ಕೊಡುವರು, ಇಲ್ಲದವರು ನಮಸ್ಕಾರ ಮಾಡುವರು. ದುಂಡವ್ವನ ಹಲ್ಲು ಕೆಡುವ ಮುಂಚೆಯೇ ದೊರೆಗೆ ಹಲ್ಲುನೋವು ಬಂತು. ಅರಮನೆಯ ವೈದ್ಯ ಮುಕುಂದರಾಯ ದೊರೆಯ ಹಲ್ಲು ಕಿತ್ತ, ನೋವೇ ಆಗದ ಹಾಗೆ ಕಿತ್ತ. ದೊರೆ ಸಂತೋಷಪಟ್ಟು ಏನು ಬೇಕೋ ಕೇಳು ಅಂದ. ವೈದ್ಯ ಬಂಗಾರ ಕೇಳಲಿಲ್ಲ, ಭೂಮಿ ಕೇಳಲಿಲ್ಲ. ಈ ರಾಜ್ಯದಲ್ಲಿ ನಾನೊಬ್ಬನೇ ಹಲ್ಲು ಕೀಳಬೇಕು, ಬೇರೆ ಯಾರೂ ಇನ್ನೊಬ್ಬರ ಬಾಯಿಗೆ ಇಕ್ಕಳ ಹಾಕಬಾರದು, ಅಷ್ಟು ಸಾಕು ಅಂದ. ಎಂಥ ಆಸೆಯಿಲ್ಲದ ಮನುಷ್ಯ ಅಂದುಕೊಂಡ ದೊರೆ ಅಂಗೈಗೆ ನೀರು ಬಿಟ್ಟು ವರ ಧಾರೆ ಎರೆದ. ದೊರೆಗಳಿಗೆ ಇಂಥ ಲೆಕ್ಕ ತಿಳಿಯುವುದಿಲ್ಲ. ಅವರ ಹಲ್ಲು ಆಗಲೇ ಬಿದ್ದಿರುತ್ತದೆ.

ಅಂದಿನಿಂದ ಮೌನೇಶಪ್ಪನ ಇಕ್ಕಳ ಕಬ್ಬಿಣ ಬಿಟ್ಟು ಬೇರೇನನ್ನೂ ಹಿಡಿಯಲಿಲ್ಲ. ಮುಕುಂದರಾಯನ ಮನೆಯಲ್ಲಿ ಮೂರು ಚಾಪೆ ಬಿದ್ದವು. ಮೊದಲನೆಯದು ಅಂಗಳದಲ್ಲಿ, ಅಲ್ಲಿ ಕೂತರೆ ಎಲ್ಲಿ ನೋವು ಅಂತ ಕೇಳುವನು. ಎರಡನೆಯದು ಜಗಲಿಯಲ್ಲಿ, ಅಲ್ಲಿ ಬಾಯಿ ತೆರೆಸಿ ನೋಡುವನು. ಮೂರನೆಯದು ನಡುಮನೆಯಲ್ಲಿ, ಅಲ್ಲಿ ಕೀಳುವನು. ಒಂದೊಂದು ಚಾಪೆಗೂ ಒಂದೊಂದು ಕಾಣಿಕೆ, ಕಾಣಿಕೆ ಏನು ಅನ್ನುವುದು ಅವನ ಬಾಯಿಗೆ ಬಂದದ್ದು. ತುಂಬಾ ಜನ ಮೊದಲ ಚಾಪೆಯಿಂದಲೇ ಎದ್ದು ಬರುತ್ತಿದ್ದರು. ಊರಿನಲ್ಲಿ ಎಲ್ಲಿ ನೋಡಿದರೂ ಕೆನ್ನೆಗೆ ಬಟ್ಟೆ ಕಟ್ಟಿಕೊಂಡವರೇ.

ದುಂಡವ್ವ ವರ್ಷವೆಲ್ಲ ಲವಂಗ ಇಟ್ಟಳು, ಉಪ್ಪುನೀರು ಮುಕ್ಕಳಿಸಿದಳು, ಗಂಜಿ ಕುಡಿದು ಕಾಲ ಹಾಕಿದಳು. ಹೊಲದಲ್ಲಿ ತೆನೆ ಹೊರಟ ದಿನ ಮನಸ್ಸು ಗಟ್ಟಿ ಮಾಡಿ ವೈದ್ಯನ ಮನೆಗೆ ಹೋದಳು. ಮೊದಲ ಚಾಪೆಗೆ ಅವನು ಕೋಳಿ ಕೇಳಿದ. ಮೊಟ್ಟೆ ಇಡುವ ಕೋಳಿ, ಇದ್ದದ್ದು ಅದೊಂದೇ. ಕೊಟ್ಟಳು. ಎಡಗಡೆ ನೋವೋ ಬಲಗಡೆಯೋ ಅಂತ ಕೇಳಿ, ಮುಂದಿನ ಸೋಮವಾರ ಬಾ ಅಂದ. ಎರಡನೆಯ ಚಾಪೆಗೆ ಕೌದಿ ಕೇಳಿದ. ತಂಗಿಗೆ ಕೊಡಲೆಂದು ಹಳೆ ಸೀರೆಯ ತುಂಡು ಕೂಡಿಸಿ ಮಳೆಗಾಲವೆಲ್ಲ ಹೊಲೆದ ಕೌದಿ ಅದು. ಅದನ್ನೂ ಕೊಟ್ಟಳು.

ಜಗಲಿಯ ಮೇಲೆ ವೈದ್ಯ ಅವಳ ಬಾಯಿ ನೋಡಲು ಬಗ್ಗಿದ. ಅವನ ಬಾಯಿಯಿಂದ ಘಮ್ ಅಂತ ಲವಂಗದ ವಾಸನೆ ಬಂತು. ಬಲಗೆನ್ನೆ ಸ್ವಲ್ಪ ಊದಿತ್ತು, ರುಮಾಲಿನ ಅಂಚನ್ನು ಅದರ ಮೇಲೆ ಎಳೆದುಕೊಂಡಿದ್ದ. ಅವನ ಹೆಂಡತಿ ತಂದಿಟ್ಟ ಅವಲಕ್ಕಿ ಗಂಜಿಯಂತೆ ನೆನೆದಿತ್ತು, ಅವನು ಅದನ್ನು ಅಗಿಯದೆ ನುಂಗಿದ. ವರ್ಷವೆಲ್ಲ ಹಾಗೇ ನುಂಗಿದವಳಿಗೆ ಗೊತ್ತಾಗದೇ ಇರುತ್ತದೆಯೇ? ಈ ಮನುಷ್ಯನಿಗೂ ಹಲ್ಲುನೋವು. ತನ್ನ ಹಲ್ಲು ತಾನು ಕಿತ್ತುಕೊಳ್ಳಲಾರ, ಬೇರೆಯವರು ಕೀಳುವ ಹಾಗಿಲ್ಲ. ದುಂಡವ್ವನಿಗೆ ನಿಜವಾಗಿ ಪಾಪ ಅನಿಸಿತು. ಅವಳು ದನಿ ತಗ್ಗಿಸಿ ಹೇಳಿದಳು.

"ವೈದ್ಯರ, ನಿಮ್ಮ ಸಂಕಟ ನನಗ ತಿಳೀತದ. ಮೌನೇಶಣ್ಣನ್ನ ಕರಸ್ರಿ. ನಾ ಯಾರಿಗೂ ಹೇಳಂಗಿಲ್ಲ."

ವೈದ್ಯನ ಮುಖ ಕೆಂಪೇರಿತು. ಕಂಬಾರನ ಕೈಗೆ ನಾನೇ ಬಾಯಿ ಕೊಟ್ಟೆ ಅಂತಾದರೆ ನಾಳೆ ನನ್ನ ಚಾಪೆಯ ಮೇಲೆ ಯಾರು ಕೂರುತ್ತಾರೆ ಅಂತ ಅವನ ಯೋಚನೆ. ನನಗೆ ಯಾವ ನೋವೂ ಇಲ್ಲ, ಹೆಚ್ಚು ಮಾತಾಡಿದ್ದಕ್ಕೆ ನಿನ್ನ ಮೂರನೆಯ ಚಾಪೆಯ ಕಾಣಿಕೆ ಈಗಲೇ ಹೇಳುತ್ತೇನೆ ಅಂದ. ಅವಳ ಹೊಲದ ಎಳೆ ತೆನೆಯೆಲ್ಲ ಕಿತ್ತು ತನ್ನ ಮನೆಗೆ ತಂದು ಸುರಿಯಬೇಕು, ಒಂದು ತೆನೆಯೂ ಉಳಿಯಬಾರದು.

ನೋಡಿ, ಯಾವುದನ್ನು ತಿನ್ನಲಿಕ್ಕೆ ಹಲ್ಲು ಕೀಳಿಸಬೇಕಿತ್ತೋ ಅದನ್ನೇ ಕೇಳಿದ. ದುಂಡವ್ವ ಅಳುತ್ತ ಹೊಲದ ಬದುವಿಗೆ ಬಂದು ಕೂತಳು. ತೆನೆಯೊಳಗೆ ಹಾಲು ತುಂಬಿತ್ತು. ಹೊಳೆಯ ಕಡೆಯಿಂದ ಬಂದ ಬಳೆಗಾರ, ನಿನ್ನ ತಂಗಿ ಇನ್ನು ಎರಡು ದಿನಕ್ಕೆ ಬರುತ್ತಾಳಂತೆ ಅಂತ ಹೇಳಿ ಹೋದ. ಯಾರೂ ಬರಬೇಡಿ ಅನ್ನುವಷ್ಟು ದುಃಖ, ಈಗಲೇ ಬಂದುಬಿಡಲಿ ಅನ್ನುವಷ್ಟು ಆಸೆ, ಎರಡೂ ಒಟ್ಟಿಗೇ ಬಂದವು. ಅತ್ತು ಮುಗಿದ ಮೇಲೆ ಅವಳು ಕಣ್ಣು ಒರೆಸಿಕೊಂಡು ಯೋಚನೆ ಮಾಡಿದಳು.

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ವರ್ಷದ ಮೊದಲ ಸೀತನಿಯನ್ನು ದೊರೆ ಯಾರದಾದರೂ ಹೊಲದಲ್ಲಿ ನೆಲದ ಮೇಲೆ ಕೂತು ತನ್ನ ಕೈಯಿಂದ ತಿಕ್ಕಿ ಹಂಚಬೇಕು. ದೊರೆ ಕೊಟ್ಟದ್ದನ್ನು ತಿನ್ನದವನು ಆ ವರ್ಷದ ಬೆಳೆಗೆ ಕೇಡು ಬಯಸಿದ ಹಾಗೆ. ದುಂಡವ್ವ ನೆಟ್ಟಗೆ ಅರಮನೆಗೆ ಹೋಗಿ, ಈ ಸಲ ನನ್ನ ಹೊಲಕ್ಕೆ ಬರಬೇಕು, ನಿಮ್ಮ ವೈದ್ಯರನ್ನೂ ಕರೆತರಬೇಕು, ಈ ಬೆಳೆ ಅವರಿಗೇ ಸಲ್ಲುವುದು ಅಂತ ಕೇಳಿಕೊಂಡಳು. ಸುಟ್ಟ ತೆನೆ ಅಂದರೆ ದೊರೆಗೂ ಪ್ರಾಣ. ಒಪ್ಪಿಕೊಂಡ. ದೊರೆ ಬಾ ಅಂದ ಮೇಲೆ ವೈದ್ಯ ಬಾರದೆ ಇರಲಾದೀತೇ?

ಎರಡು ದಿನ ಕಳೆದು ದೊರೆ ಬಂದಾಗ ಹೊಲದಲ್ಲಿ ಊರೇ ಸೇರಿತ್ತು. ಕಾಶವ್ವ ಬಂದಿದ್ದಳು, ಮೌನೇಶಪ್ಪನೂ ಎಂದಿನಂತೆ ಸೊಂಟಕ್ಕೆ ಇಕ್ಕಳ ಸಿಕ್ಕಿಸಿಕೊಂಡು ಬಂದು ಒಂದು ಕಡೆ ನಿಂತಿದ್ದ. ದೊರೆ ಕೆಂಡದಿಂದ ತೆನೆ ತೆಗೆದು ತಿಕ್ಕಿ ವೈದ್ಯನ ಅಂಗೈಗೆ ಮೊದಲ ಹಿಡಿ ಹಾಕಿದ. ವೈದ್ಯ ಅದನ್ನು ಮೆಲ್ಲಗೆ ಶಾಲಿನ ಮಡಿಕೆಗೆ ಜಾರಿಸಿದ. ಎರಡನೆಯ ಹಿಡಿ ಹಾಕಿದ. ಅದು ರುಮಾಲಿನೊಳಗೆ ಹೋಯಿತು. ಮೂರನೆಯ ಹಿಡಿ ಹಾಕಿದ ದೊರೆ ಅವನ ಮುಖವನ್ನೇ ನೋಡುತ್ತ ಕೂತ. ಇನ್ನು ದಾರಿಯಿರಲಿಲ್ಲ. ವೈದ್ಯ ಬಾಯಿಗೆ ಹಾಕಿಕೊಂಡ, ಅಗಿದ. ಬಿಸಿ ಕಾಳು ಹಲ್ಲಿನ ಕುಳಿಯೊಳಗೇ ಹೋಗಿ ಕೂತಿತು. ಅವನು ಕೂಗಿದ ಕೂಗಿಗೆ ಹೊಲದಲ್ಲಿದ್ದ ಗಿಳಿಯೆಲ್ಲ ಎದ್ದು ಹಾರಿದವು.

ಏನಾಯಿತು ಅಂತ ದೊರೆ ಕೇಳಿದ. ಹಲ್ಲು ಅಂತ ಹೇಳಲಿಕ್ಕೂ ವೈದ್ಯನಿಗೆ ಆಗಲಿಲ್ಲ, ಬೆರಳು ತೋರಿಸಿದ. ಹಾಗಾದರೆ ಕಿತ್ತುಕೋ, ನೀನೇ ವೈದ್ಯನಲ್ಲವೇ ಅಂದ ದೊರೆ. ಅವನು ಚೀಲದಿಂದ ಇಕ್ಕಳ ತೆಗೆದು ಮೂರು ಸಲ ಬಾಯಿಗೆ ಹಾಕಿದ, ಮೂರು ಸಲವೂ ಅದು ಜಾರಿ ಪಕ್ಕದ ಹಲ್ಲಿಗೆ ತಾಗಿತು. ಈಗ ದೊರೆ ಮೌನೇಶಪ್ಪನ ಕಡೆ ನೋಡಿದ. ಮೌನೇಶಪ್ಪ ಕೈಮುಗಿದ.

"ಒಡೆಯರ, ನಿಮ್ಮ ಆಜ್ಞೆ ಅದ. ನಾ ಕೈ ಹಚ್ಚಂಗಿಲ್ಲ."

ದೊರೆಗೆ ಪೇಚಿಗಿಟ್ಟುಕೊಂಡಿತು. ನೀರು ಬಿಟ್ಟು ಕೊಟ್ಟ ವರ, ಕೊಟ್ಟವನು ಹಿಂದಕ್ಕೆ ಕೇಳುವ ಹಾಗಿಲ್ಲ. ತೆಗೆದುಕೊಂಡವನು ಬೇಕಾದರೆ ಹಿಂದಕ್ಕೆ ಕೊಡಬಹುದು. ಆಗ ದುಂಡವ್ವ ಮುಂದೆ ಬಂದು ನೆಲದ ಮೇಲೆ ಮೂರು ಗೋಣಿತಟ್ಟು ಹಾಸಿದಳು.

"ವೈದ್ಯರ, ಮೂರು ಚಾಪಿ ನಿಮ್ಮದ ಪದ್ಧತಿ. ಬರ್ರಿ, ಕೂಡ್ರಿ."

ಮೊದಲ ಗೋಣಿಯ ಮೇಲೆ ಕೂತ ವೈದ್ಯನಿಗೆ ಅವಳು, ಜನರಿಂದ ತೆಗೆದುಕೊಂಡದ್ದನ್ನು ಜನರಿಗೆ ಕೊಡಬೇಕು ಅಂದಳು. ಅವನು ಹೂಂ ಅಂದ. ಅವನ ಆಳು ಓಡಿಹೋಗಿ ಕೌದಿ ತಂದ. ಕೋಳಿ ಆಗಲೇ ಸಾರಾಗಿತ್ತು, ಅದನ್ನು ಯಾರೂ ಕೇಳಲಿಲ್ಲ. ಎರಡನೆಯ ಗೋಣಿಯ ಮೇಲೆ ಬಾಯಿ ತೆರೆದು, ಈ ನೋವು ಯಾವಾಗಿನಿಂದ ಇದೆ ಅಂತ ಎಲ್ಲರ ಎದುರು ಹೇಳಬೇಕು ಅಂದಳು. ದಸರೆಯಿಂದ ಅಂದ. ದಸರೆ ಕಳೆದು ತಿಂಗಳುಗಳೇ ಆಗಿದ್ದವು. ಅಷ್ಟು ದಿನ ನೋವು ತಿಂದರೂ ವರ ಬಿಟ್ಟಿರಲಿಲ್ಲ ಮಹಾರಾಯ. ಕೇಳಿದವರಿಗೆ ನಗಬೇಕೋ ಅಯ್ಯೋ ಅನ್ನಬೇಕೋ ತಿಳಿಯಲಿಲ್ಲ.

ಮೂರನೆಯ ಗೋಣಿಯ ಮೇಲೆ ಏನು ಕೊಡಬೇಕು ಅಂತ ಅವಳು ಹೇಳಲೇ ಇಲ್ಲ, ನೀರಿನ ತಂಬಿಗೆ ಮುಂದಿಟ್ಟಳು. ವೈದ್ಯ ತಂಬಿಗೆ ನೋಡಿದ, ಮೌನೇಶಪ್ಪನ ಇಕ್ಕಳ ನೋಡಿದ, ಹಲ್ಲು ಇನ್ನೊಂದು ಸಲ ಚುಳ್ ಅಂದಿತು. ದೊರೆಯ ಅಂಗೈಗೆ ನೀರು ಬಿಟ್ಟು ವರ ಹಿಂದಕ್ಕೆ ಕೊಟ್ಟ. ಮೌನೇಶಪ್ಪ ಒಂದೇ ಎಳೆತಕ್ಕೆ ಹಲ್ಲು ಕಿತ್ತ. ನೋವು ಹೋದ ಮೇಲೆ ಮುಕುಂದರಾಯ ಗಳಗಳ ಅತ್ತ. ಏನು ಕೊಡಲಿ ಅಂತ ಕೇಳಿದ್ದಕ್ಕೆ ಕಂಬಾರ, ಮನೆಯಲ್ಲಿ ತೆಂಗಿನಕಾಯಿ ಇದ್ದರೆ ಒಂದು ಕೊಡಿ ಅಂದ.

ಆಮೇಲೆ ದುಂಡವ್ವ ಕೂತಳು. ಕಾಶವ್ವ ಅಕ್ಕನ ತಲೆ ಹಿಡಿದಳು, ಮೌನೇಶಪ್ಪ ಕಿತ್ತ. ಅವಳ ಹಿಂದೆ ಕೆನ್ನೆಗೆ ಬಟ್ಟೆ ಕಟ್ಟಿಕೊಂಡವರ ಸಾಲೇ ನಿಂತಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹಲ್ಲು ಕಿತ್ತ ಬಾಯಲ್ಲಿ ಅಂದೇ ಕಾಳು ಅಗಿಯಲಾಗುತ್ತದೆಯೇ? ಗಾಯ ಮಾಗುವ ತನಕ ಗಂಜಿ ಬಿಟ್ಟು ಬೇರೇನೂ ಬೇಡ ಅಂದಿದ್ದ ಮೌನೇಶಪ್ಪ. ಅತ್ತೆಮನೆಯವರು ಕಾಶವ್ವನಿಗೆ ಒಂದು ದಿನದ ಅಪ್ಪಣೆ ಮಾತ್ರ ಕೊಟ್ಟಿದ್ದರು. ದೊರೆಯ ಕಡೆಯವರೆಲ್ಲ ಹೊಟ್ಟೆ ಬಿರಿಯ ತಿಂದರು. ಅಕ್ಕತಂಗಿ ಒಂದು ಕಾಳೂ ಮುಟ್ಟಲಿಲ್ಲ. ಬರುವ ವರ್ಷ ತಿನ್ನೋಣ ಬಿಡು ಅಂತ ಕಾಶವ್ವ ಕೌದಿ ಹೊದ್ದು ಹೊರಟಳು, ಕಣ್ಣೀರು ಅಕ್ಕನಿಗೆ ಕಾಣದ ಹಾಗೆ ಮುಖ ತಿರುಗಿಸಿಕೊಂಡೇ ಹೊರಟಳು.

ದುಂಡವ್ವ ದಿನಾ ಹೊಲಕ್ಕೆ ಹೋಗಿ ತೆನೆ ಹಿಚುಕಿ ನೋಡುವಳು. ಒಂದು ಕಡೆಯಿಂದ ಕಾಳು ಬಲಿಯುತ್ತ ಬಂತು. ಬಾವಿಯ ಮಗ್ಗುಲಿನ ತಂಪು ಮೂಲೆಯಲ್ಲಿ ಮಾತ್ರ ನಾಲ್ಕಾರು ತೆನೆ ಇನ್ನೂ ಎಳೆಯವಿದ್ದವು. ಬಾಯಿ ಮಾಗಿದ ದಿನ ಅವಳು ಅವನ್ನು ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಡಿಲಲ್ಲಿ ಕಟ್ಟಿಕೊಂಡು ಹೊಳೆಗೆ ಇಳಿದಳು. ಹೆಣ್ಣು ತವರಿಗೆ ಬರುವುದು ಉಂಟು, ತವರು ತಾನೇ ಎದ್ದು ಹೆಣ್ಣಿನ ಮನೆಗೆ ಹೋಗುವ ರೂಢಿ ಆ ಸೀಮೆಯಲ್ಲಿ ಇರಲಿಲ್ಲ. ಜನ ಏನಂದಾರು ಅಂತ ಇಷ್ಟು ವರ್ಷ ಅವಳೂ ಹೋಗಿರಲಿಲ್ಲ. ಆ ದಿನ ಮಾತ್ರ ಅವಳಿಗೆ ಅದು ನೆನಪಾಗಲಿಲ್ಲ.

ಆಚೆ ದಂಡೆಯಲ್ಲಿ ಕಾಶವ್ವ ಬಟ್ಟೆ ಒಗೆಯುತ್ತಿದ್ದಳು. ಮೊಣಕಾಲುದ್ದ ನೀರಿನಲ್ಲಿ ಬರುತ್ತಿದ್ದ ಅಕ್ಕನನ್ನು ನೋಡಿ, ಕೈಯಲ್ಲಿದ್ದ ಸೀರೆ ನೀರಿಗೆ ಬಿಟ್ಟು ಓಡಿಬಂದಳು.

"ಅಕ್ಕಾ, ಬಾಯಿ ತೆರಿ, ನೋಡ್ತೀನಿ."

ದುಂಡವ್ವ ಬಾಯಿ ತೆರೆದಳು. ಗಾಯ ಪೂರಾ ಮಾಗಿತ್ತು. ಮರಳಿನ ಮೇಲೆ ಪುಳ್ಳೆ ಕೂಡಿಸಿ ಬೆಂಕಿ ಮಾಡಿದರು. ಚಟ್ನಿ ಇರಲಿಲ್ಲ, ಬೆಲ್ಲ ಇರಲಿಲ್ಲ. ತೆನೆಯೂ ಇಬ್ಬರಿಗೆ ಒಂದೊಂದು ಹಿಡಿಯಾಗುವಷ್ಟೇ. ಅಕ್ಕ ತಿಕ್ಕಿ ತಂಗಿಯ ಅಂಗೈಗೆ ಹಾಕಿದಳು, ತಂಗಿ ತಿಕ್ಕಿ ಅಕ್ಕನ ಅಂಗೈಗೆ ಹಾಕಿದಳು. ದುಂಡವ್ವ ಮೆಲ್ಲಗೆ ಅಗಿದಳು. ನೋವಾಗಲಿಲ್ಲ. ಎರಡು ವರ್ಷದ ಮಾತು ಬಾಕಿ ಇತ್ತು, ಆ ಹಿಡಿ ಕಾಳು ತಿಂದು ಮುಗಿಸಿಯೇ ಇಬ್ಬರೂ ಮಾತಿಗೆ ಕೂತರು.

ಇದರ ನೀತಿ ಕೇಳಿಕೊಳ್ಳಿ. ಇನ್ನೊಬ್ಬರ ನೋವಿನ ಔಷಧಿಗೆ ತಾನೊಬ್ಬನೇ ಯಜಮಾನನಾಗಲು ಹೋದವನು, ತನಗೆ ನೋವು ಬಂದ ದಿನ ಕೇಳುವವರಿಲ್ಲದೆ ಕೂರಬೇಕಾಗುತ್ತದೆ. ನೋವು ತೆಗೆಯುವ ಕೈ ಬಡವರಿಗೂ ಸಿಗಬೇಕು, ಹೊತ್ತಿಗೆ ಸರಿಯಾಗಿ ಸಿಗಬೇಕು. ತಡವಾಗಿ ಸಿಕ್ಕರೆ ಹಲ್ಲಿನ ನೋವೇನೋ ಹೋಗುತ್ತದೆ, ಹೋದ ಸೀತನಿಯ ದಿನಗಳನ್ನು ಯಾವ ವೈದ್ಯನೂ ತಂದುಕೊಡಲಾರ.