ಎರಡು ದೀಪ, ಒಂದೇ ರೆಸಿಸ್ಟರ್

ರೇಡಿಯೋ ರಿಪೇರಿ ಕಲಿಸುವ ಗುರುಗಳೊಬ್ಬರಿದ್ದರು. ಅವರನ್ನು ಶಿಷ್ಯನೊಬ್ಬ ಕೇಳಿದ: “ಗುರುಗಳೇ, ನಾನು ಬಾಯಿ ತೆರೆದರೆ ಸಾಕು, ಸಾಕು ನಿಲ್ಲಿಸು ಎಂದು ನೀವು ಕೈ ಎತ್ತುತ್ತೀರಿ. ನನ್ನ ಪಕ್ಕ ಕೂರುವ ಈ ಈರಭದ್ರನಿಗೆ ಒಂದು ದಿನವೂ ಕೈ ಎತ್ತಿಲ್ಲ. ನಾನು ಮಾತಾಡಿದರೆ ನಾಲ್ಕು ಜನ ನಗುತ್ತಾರೆ. ಅವನು ಮಾತಾಡಿದ್ದನ್ನು ಅವನ ಹಲ್ಲೂ ಕೇಳಿಲ್ಲ. ಇಬ್ಬರಿಗೂ ಒಂದೇ ತಡೆ ಇದ್ದರೆ ಸಾಲದೇ?”

ಸುತ್ತ ಕೂತವರು ನಕ್ಕರು. ಈರಭದ್ರನೂ ನಕ್ಕ, ತಲೆ ಬಗ್ಗಿಸಿಕೊಂಡು. ಗುರುಗಳು ನಗಲಿಲ್ಲ. ಸೋಲ್ಡರಿಂಗ್ ಕಡ್ಡಿಯನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಬ್ಬ ತಾಯಿ ಇದ್ದಳು. ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಮನೆಯಲ್ಲಿ ಕೈಗೂಸು. ಮಗು ಅತ್ತರೆ ಗೊತ್ತಾಗುವುದಿಲ್ಲವೆಂದು ಅವಳು ಕ್ಷಣಕ್ಕೊಮ್ಮೆ ತೊಟ್ಟಿಲ ಬಳಿ ಓಡುತ್ತಿದ್ದಳು. ಇದನ್ನು ನೋಡಿ ಊರಿನ ಒಬ್ಬ ಕುಶಲಕರ್ಮಿಯ ಮನಸ್ಸು ಕರಗಿತು. ಸೀರೆಯ ತೊಟ್ಟಿಲಿಗೆ ಒಂದು ಚಿಕ್ಕ ಮೈಕು ಕಟ್ಟಿದ. ಬಾಗಿಲಿಗೆ ಒಂದು ಗುಂಡಿ ಕೂರಿಸಿದ. ಅಡುಗೆಮನೆಯ ಗೋಡೆಗೆ ಎರಡು ಎಲ್‌ಇಡಿ ಇಟ್ಟ. ಮಗು ಅತ್ತರೆ ಬಿಳಿ ದೀಪ, ಯಾರಾದರೂ ಗುಂಡಿ ಒತ್ತಿದರೆ ಕೆಂಪು ದೀಪ. ಎಲ್‌ಇಡಿ ಸುಟ್ಟುಹೋಗದಂತೆ ಅದಕ್ಕೆ ಹರಿಯುವ ಕರೆಂಟನ್ನು ತಡೆದು ಹಿಡಿಯಲು ರೆಸಿಸ್ಟರ್ ಬೇಕಲ್ಲ. ಎರಡು ಯಾಕೆ, ಎರಡಕ್ಕೂ ಸೇರಿ ಒಂದೇ ಸಾಕು ಎಂದುಕೊಂಡ. ಬಿಳಿಯನ್ನು ಉರಿಸಿ ನೋಡಿದ, ಉರಿಯಿತು. ಕೆಂಪನ್ನು ಉರಿಸಿ ನೋಡಿದ, ಅದೂ ಉರಿಯಿತು. ಖುಷಿಯಿಂದ ಮನೆಗೆ ಹೋದ.

ತಾಯಿ ಅಂದಿನಿಂದ ತೊಟ್ಟಿಲ ಬಳಿ ಓಡುವುದನ್ನು ಬಿಟ್ಟಳು. ದೀಪವನ್ನು ನಂಬಿದಳು.

ಒಂದು ದಿನ ಅವಳು ಚಕ್ಕುಲಿ ಒತ್ತುತ್ತಿದ್ದಳು. ಎಣ್ಣೆ ಕಾದಿತ್ತು, ಕೈಯೆಲ್ಲ ಹಿಟ್ಟು. ಒಳಕೋಣೆಯಲ್ಲಿ ಮಗು ತೊಟ್ಟಿಲಿನಿಂದ ಜಾರಿತು. ಒಂದು ಕಾಲು ಸೀರೆಯ ಮಡಿಕೆಗೆ ಸಿಕ್ಕಿಕೊಂಡು ತಲೆಕೆಳಗಾಗಿ ನೇತಾಡಿ ಅಳತೊಡಗಿತು. ಅದೇ ಹೊತ್ತಿಗೆ ಒಬ್ಬ ಬಳೆಯ ವ್ಯಾಪಾರಿ ಬಂದು ಗುಂಡಿ ಒತ್ತಿದ. ತಾಯಿ ತಲೆ ಎತ್ತಿದಳು. ಕೆಂಪು ದೀಪ ಉರಿಯುತ್ತಿದೆ, ಬಿಳಿ ಇಲ್ಲ. ಮಗು ಮಲಗಿದೆ, ಬಂದವರು ಸ್ವಲ್ಪ ನಿಲ್ಲಲಿ ಎಂದು ಮತ್ತೊಂದು ಚಕ್ಕುಲಿ ಬಿಟ್ಟಳು.

ವ್ಯಾಪಾರಿಗೆ ಅಳು ಕೇಳಿಸುತ್ತಿತ್ತು. ಆ ಮನೆಯವಳಿಗೆ ಕಿವಿ ಕೇಳದೆಂದು ಅವನಿಗೇನು ಗೊತ್ತು? “ಇವಳೇನು ತಾಯಿಯೋ, ಅರೆಯುವ ಕಲ್ಲೋ” ಎಂದು ಬೈದ. ಮಗುವಿಗಾಗಿಯೇ ಗುಂಡಿಯನ್ನು ಇನ್ನೂ ಗಟ್ಟಿಯಾಗಿ ಒತ್ತಿದ, ಒತ್ತಿಕೊಂಡೇ ನಿಂತ. ಅವನು ಒತ್ತಿದಷ್ಟು ಹೊತ್ತೂ ಗೋಡೆಯ ಮೇಲೆ ಬಿಳಿ ದೀಪ ಸತ್ತಂತೆ ಇತ್ತು.

ಅಳು ಸಣ್ಣದಾಯಿತು. ವ್ಯಾಪಾರಿ ಕಿವಿಗೊಟ್ಟು ಕೇಳಲೆಂದು ಬಾಗಿಲಿಗೆ ತಲೆ ಆನಿಸಿದ. ಆಗ ಅವನ ಬೆರಳು ಗುಂಡಿಯಿಂದ ಜಾರಿತು.

ಬಿಳಿ ದೀಪ ಹೊತ್ತಿತು.

ತಾಯಿ ಚಕ್ಕುಲಿ ಒರಳನ್ನು ಅಲ್ಲೇ ಬಿಸಾಡಿ ಓಡಿದಳು. ಮಗುವಿನ ಮುಖ ಕಪ್ಪಿಟ್ಟಿತ್ತು. ಎತ್ತಿ ಬೆನ್ನು ತಟ್ಟಿದಳು. ಅದು ಉಸಿರೆಳೆದುಕೊಂಡು ಮತ್ತೆ ಅತ್ತಿತು. ಆ ಅಳು ಅವಳಿಗೆ ಕೇಳಲಿಲ್ಲ, ಎದೆಗೆ ತಾಗಿತು.

ಕುಶಲಕರ್ಮಿಯನ್ನು ಕರೆಸಿದರು. ಅವನು ಒಂದೊಂದೇ ದೀಪವನ್ನು ಉರಿಸಿ ತೋರಿಸಿದ. “ಎರಡೂ ಸರಿಯಾಗಿಯೇ ಇವೆಯಲ್ಲಮ್ಮ” ಎಂದ. ಅಂದು ಕೆಂಪು ಆರಿದೊಡನೆ ಬಿಳಿ ಹೊತ್ತಿದ್ದು ತಾಯಿಯ ಕಣ್ಣಲ್ಲೇ ಇತ್ತು. ಅಳುವ ಮಗುವನ್ನು ಮೈಕಿನ ಮುಂದೆ ಹಿಡಿದು, ಬಾಗಿಲ ಗುಂಡಿ ಒತ್ತೆಂದು ಅವನಿಗೆ ಸನ್ನೆ ಮಾಡಿದಳು. ಅವನು ಒತ್ತಿದ. ಯಾರೋ ಊದಿದಂತೆ ಬಿಳಿ ದೀಪ ಆರಿತು. ಬಿಟ್ಟ, ಹೊತ್ತಿತು. ಒತ್ತಿದ, ಆರಿತು. ದೀಪಗಳು ಸಾಸಿವೆ ಕಾಳಿನಷ್ಟು, ಅವುಗಳ ಒಳಗೆ ಇಷ್ಟು ಕಟ್ಟುನಿಟ್ಟು ಇದೆಯೇ ಎಂದು ಅಲ್ಲೇ ಕೂತುಬಿಟ್ಟ.

ಕೆಂಪು ಎಲ್‌ಇಡಿಗೆ ಎರಡು ವೋಲ್ಟ್ ಸಾಕು. ಬಿಳಿಗೆ ಮೂರು ಬೇಕು. ಒಂದೇ ರೆಸಿಸ್ಟರ್ ಹಿಂದೆ ಎರಡೂ ನಿಂತರೆ ಕೆಂಪು ಎರಡಕ್ಕೇ ಬೆಳಗಿಬಿಡುತ್ತದೆ. ವೋಲ್ಟೇಜು ಅಲ್ಲಿಗೇ ನಿಲ್ಲುತ್ತದೆ. ಮೂರಕ್ಕೆ ಏರುವುದೇ ಇಲ್ಲ.

ಅವನು ಆ ರೆಸಿಸ್ಟರನ್ನು ಕಿತ್ತ. ಕೆಂಪಿಗೆ ಹೆಚ್ಚು ತಡೆಯುವುದೊಂದು, ಬಿಳಿಗೆ ಕಡಿಮೆ ತಡೆಯುವುದೊಂದು, ಬೇರೆ ಬೇರೆ ಹಾಕಿದ. ಮಗು ಅತ್ತಿತು, ಗುಂಡಿ ಒತ್ತಿದ. ಎರಡೂ ದೀಪ ಒಟ್ಟಿಗೆ ಉರಿದವು. ತಾಯಿ ದೇವರ ದೀಪಕ್ಕೆ ಮುಗಿಯುವ ಹಾಗೆ ಕೈ ಮುಗಿದಳು. ಕುಶಲಕರ್ಮಿಯೂ ಮುಗಿದ.

ಕತೆ ಮುಗಿಯಿತು. ಶಿಷ್ಯನಿಗೆ ಸುಮ್ಮನಿರಲಾಗಲಿಲ್ಲ. “ಹಾಗಾದರೆ ಆ ಕೆಂಪು ದೀಪ ಬಲು ಕೆಟ್ಟದ್ದು ಅನ್ನಿ, ಗುರುಗಳೇ” ಎಂದು ಎಲ್ಲರತ್ತ ತಿರುಗಿ ಕಣ್ಣು ಮಿಟುಕಿಸಿದ.

ಗುರುಗಳು ಹೇಳಿದರು: “ಕೆಟ್ಟದ್ದಲ್ಲ ಮಗು, ಪಕ್ಕದ್ದು ಆರಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ.”

ಶಿಷ್ಯ ಮೆಲ್ಲಗೆ ಈರಭದ್ರನ ಕಡೆ ತಿರುಗಿದ.