ಮುನ್ನೂರು ಸಸಿಗಳ ಹೆಸರುಹಲಗೆ

ಬಣ್ಣದ ಕಾರ್ಖಾನೆಯ ಧಣಿ ಗುರುನಂಜಪ್ಪನವರು ಸಾಮಾಜಿಕ ಹೊಣೆಗಾರಿಕೆಯೆಂದು ಮುನ್ನೂರು ಸಸಿ ನೆಡಿಸಿದರು. ಒಳ್ಳೆ ನೀರು ದಂಡವೆಂದು ಕಾರ್ಖಾನೆಯ ಕೊಳೆನೀರನ್ನೇ ಬಿಡಿಸಿದರು. ಸಸಿಗಳು ಒಂದೊಂದಾಗಿ ಒಣಗಿದವು.

"ನಾಳೆ ಅಧಿಕಾರಿಗಳು ಬರ್ತಾರೆ. ಪ್ರತಿ ಸಸಿಗೂ ನನ್ನ ಹೆಸರು, ತಾರೀಖು ಇರಬೇಕು. ಒಂದು ತಪ್ಪಿದರೂ ನಿನ್ನ ಕೆಲಸ ಹೋಯ್ತು," ಎಂದರು ಮಾಲಿಗೆ.

ಬೆಳಗಿನ ಮಂಜಿನಲ್ಲಿ ಧಣಿ ನೋಡಲು ಬಂದರು. ಸಾಲು ಸಾಲು ಬಿಳಿ ಹಲಗೆ. ಎಲ್ಲದರಲ್ಲೂ ಅವರದೇ ಹೆಸರು, ಕೆಳಗೆ ಎರಡೆರಡು ತಾರೀಖು.

"ಇದೇನೋ ಇದು?"

"ನೆಟ್ಟಿದ್ದು, ಸತ್ತದ್ದು, ಧಣಿ."

ಕೊನೆಯ ಹಲಗೆಯಲ್ಲಿ ಎರಡನೇ ತಾರೀಖಿನ ಜಾಗ ಖಾಲಿಯಿತ್ತು.

"ಇದು?"

"ಇದಕ್ಕಿನ್ನೂ ಜೀವ ಇದೆ, ಧಣಿ. ಇವತ್ತೋ, ನಾಳೆಯೋ."

ಧಣಿ ಹಲಗೆಯ ಮೇಲಿನ ತಮ್ಮ ಹೆಸರನ್ನು ಮತ್ತೊಮ್ಮೆ ಓದಿದರು. ಕಾರಿನಿಂದ ತಮ್ಮ ಕುಡಿಯುವ ನೀರು ತಂದು, ಮೊಣಕಾಲೂರಿ ಬುಡಕ್ಕೆ ಸುರಿದರು. ಮಧ್ಯಾಹ್ನಕ್ಕೆ ಒಳ್ಳೆ ನೀರಿನ ಟ್ಯಾಂಕರೂ ಬಂತು.

ಮಾಲಿಯ ಕೆಲಸವೋ? ಆ ಗಿಡ ಬದುಕಿರುವವರೆಗೂ ಗಟ್ಟಿ.